ವಿದ್ಯಾರ್ಥಿ ಯಕ್ಷಗಾನ ಸಂಘಕ್ಕೆ ಸ್ವಂತ ವೇಷಭೂಷಣ: ದೇಣಿಗೆಗಾಗಿ ಮನವಿ

ಮಾನ್ಯರೇ,

ಕರಾವಳಿಯ ನಮ್ಮ ವಿಶ್ವವಿದ್ಯಾನಿಲಯದಲ್ಲಿ, ತರಗತಿ ಮುಗಿದ ಮೇಲೆ ಉಳಿದು ಹೆಜ್ಜೆ ಕಲಿಯುತ್ತಿದ್ದ ಕೆಲವೇ ವಿದ್ಯಾರ್ಥಿಗಳ ಆಸಕ್ತಿಯಿಂದ ಹುಟ್ಟಿದ ಯಕ್ಷಗಾನ ಸಂಘವು ಇಂದು ಹಾಡು-ವಾದ್ಯಗಳ ಹಿಮ್ಮೇಳ, ವೇಷಧಾರಿಗಳ ಮುಮ್ಮೇಳ ಎರಡರಲ್ಲೂ ವಿದ್ಯಾರ್ಥಿಗಳೇ ಇರುವ, ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಪ್ರಸಂಗವೊಂದನ್ನು (ಕಥಾನಕವೊಂದನ್ನು) ಪೂರ್ಣವಾಗಿ ರಂಗಕ್ಕೆ ತರಬಲ್ಲ ತಂಡವಾಗಿ ಬೆಳೆದಿದೆ. ಬಹುಕಾಲ ಗಂಡಸರೇ ಸ್ತ್ರೀವೇಷ ಧರಿಸುತ್ತಿದ್ದ ಈ ಕಲೆಯಲ್ಲಿ ನಮ್ಮ ವಿದ್ಯಾರ್ಥಿನಿಯರು ತರುಣ ವೀರರ ಪುಂಡುವೇಷ ಕಟ್ಟುತ್ತಾರೆ, ಚೆಂಡೆಗೂ ಕೋಲು ಹಿಡಿಯುತ್ತಾರೆ.

ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಭಾಗವತರು ಹಾಡಿ ನಿಲ್ಲಿಸಿದೊಡನೆ ಅದರ ಅರ್ಥವನ್ನು ಆ ಕ್ಷಣಕ್ಕೆ, ಇಂಗ್ಲಿಷಿನ ಸೋಂಕಿಲ್ಲದ ಕನ್ನಡದಲ್ಲಿ, ಎದುರಾಳಿಯ ಪ್ರಶ್ನೆಗೆ ತಕ್ಕಂತೆ ಹೇಳಬೇಕಾದವರು ವೇಷಧಾರಿಗಳು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ, ದಿನವಿಡೀ ಪ್ರಯೋಗಾಲಯದಲ್ಲಿ ಇಂಗ್ಲಿಷಿನಲ್ಲಿ ಪಾಠ ಕೇಳುವ ಹುಡುಗಿಯೊಬ್ಬಳು ಸಂಜೆ, ವೇಷ-ಕುಣಿತಗಳಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಳೆಯಲ್ಲಿ ಕರ್ಣನಾಗಿ ಕುಳಿತು ಕೃಷ್ಣನ ಸಂಧಾನದ ಮಾತನ್ನು ಒಂದೊಂದಾಗಿ ಬಿಡಿಸಿ ನಿರಾಕರಿಸುವುದನ್ನು ಕಂಡವರಿಗೆ ಈ ಸಂಘದ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ.

ಆದರೆ ಸಂಘಕ್ಕೆ ಸ್ವಂತ ವೇಷಭೂಷಣವಿಲ್ಲ. ವೃತ್ತಿಪರ ತಂಡಗಳಾದ ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರಿನಲ್ಲಿ ಆರಂಭವಾಗಿ ತುಳುನಾಡಿನಲ್ಲಿ ತಿರುಗಾಟ ಮುಗಿಸುವ ಸಾಂಪ್ರದಾಯಿಕ ದಿನವಾದ ಮೇ ತಿಂಗಳ ಪತ್ತನಾಜೆಯವರೆಗೆ ನಡೆಯುತ್ತದೆ. ನಮ್ಮ ವಾರ್ಷಿಕೋತ್ಸವ, ಸ್ಪರ್ಧೆಗಳು ಬರುವುದೂ ಇದೇ ಅವಧಿಯಲ್ಲಿ. ಆಗ ಕಿರೀಟ, ಭುಜಕೀರ್ತಿ, ಎದೆಪದಕ, ವೇಷದ ಅಂಗಿಯಾದ ದಗಲೆಗಳು ಬಾಡಿಗೆಗೆ ಸಿಗುವುದು ಕಷ್ಟ. ಸಿಕ್ಕರೂ ದೊಡ್ಡವರ ಅಳತೆಯವು. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಚುಟ್ಟಿ (ಉಬ್ಬುಚುಕ್ಕೆಗಳು) ಇಟ್ಟ ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಕ್ಕೆ) ತಲೆಯ ಮೇಲೆ ನಿಲ್ಲದ ಕೇಸರಿತಟ್ಟಿ ಎಂಬ ದೊಡ್ಡ ಕಿರೀಟವನ್ನು ಕಟ್ಟಬೇಕಾದರೆ ಕಲಿತ ಕುಣಿತವೂ ಅಂಜುತ್ತದೆ. ಮಳೆಗಾಲದ ತೇವಕ್ಕೆ ಚೆಂಡೆ, ಮದ್ದಳೆಗಳ ಚರ್ಮ ಸಡಿಲಗೊಳ್ಳುವುದರಿಂದ ಅವುಗಳ ದುರಸ್ತಿಯ ಖರ್ಚೂ ಇದ್ದೇ ಇದೆ.

ಇದಕ್ಕಿಂತ ಆಳವಾದ ತೊಂದರೆ ಇನ್ನೊಂದಿದೆ. ಕಲಿತು ಹದಕ್ಕೆ ಬರುವ ಹೊತ್ತಿಗೆ ವಿದ್ಯಾರ್ಥಿಯ ಪದವಿ ಮುಗಿದಿರುತ್ತದೆ. ಹೀಗೆ ವರ್ಷವರ್ಷವೂ ತಂಡ ಬದಲಾಗುವ ಸಂಘದಲ್ಲಿ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವುದು ನಿಯಮಿತವಾಗಿ ಬರುವ ಗುರುಗಳು ಮತ್ತು ಕೈಗೆ ಸಿಗುವ ಪರಿಕರಗಳು ಮಾತ್ರ. ಉಡುಪಿಯಲ್ಲಿ 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಆರಂಭವಾದ ಯಕ್ಷಗಾನ ಕೇಂದ್ರವು ಗುರುಗಳ ನೆಲೆಯೊಂದಿದ್ದರೆ ಈ ಕಲೆ ವಿದ್ಯಾಸಂಸ್ಥೆಯ ಆವರಣದಲ್ಲಿಯೂ ಬೇರೂರಬಲ್ಲದು ಎಂಬುದನ್ನು ತೋರಿಸಿಕೊಟ್ಟಿದೆ.

ಆದಕಾರಣ ಒಂದು ಪ್ರಸಂಗಕ್ಕೆ ಬೇಕಾಗುವಷ್ಟು ವೇಷಭೂಷಣಗಳು, ಅವನ್ನು ಗೆದ್ದಲು, ತೇವಗಳಿಂದ ಕಾಪಾಡುವ ಪೆಟ್ಟಿಗೆಗಳು, ಒಂದು ಜೊತೆ ಹಿಮ್ಮೇಳ ವಾದ್ಯಗಳು ಹಾಗೂ ಗುರುಗಳ ಗೌರವಧನಕ್ಕಾಗಿ ನಿಧಿಯೊಂದನ್ನು ಸ್ಥಾಪಿಸಲು ನಿರ್ಧರಿಸಿದ್ದೇವೆ. ಊರಿನಲ್ಲಿಯೂ, ಮುಂಬಯಿ ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ಕಲಾಭಿಮಾನಿಗಳು ಯಥಾಶಕ್ತಿ ನೆರವಾಗಬೇಕೆಂದು ವಿನಂತಿಸುತ್ತೇವೆ. ಪ್ರತಿಯೊಂದು ದೇಣಿಗೆಗೂ ರಸೀದಿ ನೀಡಲಾಗುವುದು. ವರ್ಷಾಂತ್ಯದಲ್ಲಿ ಖರ್ಚುವೆಚ್ಚದ ಲೆಕ್ಕವನ್ನು ಎಲ್ಲ ದಾನಿಗಳಿಗೂ ಕಳುಹಿಸಲಾಗುವುದು. ಮನೆಯಲ್ಲಿ ಬಳಕೆಯಿಲ್ಲದೆ ಉಳಿದಿರುವ ಮದ್ದಳೆ, ಜಾಗಟೆ, ಗೆಜ್ಜೆ, ಹಳೆಯ ಪ್ರಸಂಗ ಪುಸ್ತಕಗಳನ್ನೂ ಗೌರವದಿಂದ ಸ್ವೀಕರಿಸುತ್ತೇವೆ.

ಇತಿ,
ವಿದ್ಯಾರ್ಥಿ ಯಕ್ಷಗಾನ ಸಂಘದ ಪದಾಧಿಕಾರಿಗಳು ಮತ್ತು ಸದಸ್ಯರು