ಬೀಜ ಉಳಿಸಿಕೊಂಡು ಬಂದವರನ್ನು ಕೇಳದೆ ಜೀನ್ ತಿದ್ದಬೇಡಿ

ಮಾನ್ಯರೇ,

ಜೀನ್ ತಿದ್ದಿದ ಬೆಳೆಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಚರ್ಚೆ ಎರಡೇ ಪ್ರಶ್ನೆಗಳ ಸುತ್ತ ತಿರುಗುತ್ತಿದೆ: ಇಳುವರಿ ಎಷ್ಟು ಹೆಚ್ಚುತ್ತದೆ, ತಿಂದರೆ ಏನಾದರೂ ಆಗುತ್ತದೆಯೇ. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಆ ಬೀಜ ಯಾರದು, ಅದನ್ನು ಮುಟ್ಟುವ ಮೊದಲು ಯಾರನ್ನು ಕೇಳಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ಉಡುಪಿ ಜಿಲ್ಲೆಯವನಾದ ನಾನು ಅದನ್ನು ಎತ್ತಲೇಬೇಕು. ಏಕೆಂದರೆ ಈ ವಿಷಯದಲ್ಲಿ ನಮ್ಮ ಗುಳ್ಳ ಬದನೆ ಒಮ್ಮೆ ಪೆಟ್ಟು ತಿಂದಿದೆ.

ಕಟಪಾಡಿ ಸಮೀಪದ ಮಟ್ಟು ಗ್ರಾಮದ ಗುಳ್ಳಕ್ಕೆ ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರೆಂಬ ನಂಬಿಕೆ ಇಲ್ಲಿ ಇಂದಿಗೂ ಗಟ್ಟಿಯಾಗಿದೆ. ತಿಳಿಹಸಿರು ಮೈ, ಅದರ ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು, ತೆಳು ಸಿಪ್ಪೆ. ಭತ್ತದ ಕೊಯ್ಲಾದ ಗದ್ದೆಯಲ್ಲಿ ಸಾಲು ಮಾಡಿ ನೆಡುತ್ತಾರೆ. ಒಳ್ಳೆಯ ಗಿಡದ ಒಳ್ಳೆಯ ಕಾಯಿಯನ್ನು ಮಾರದೆ ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೊಳೆದು, ಬೂದಿ ಬೆರೆಸಿ ಒಣಗಿಸಿ ಮುಂದಿನ ವರ್ಷಕ್ಕೆ ಎತ್ತಿಡುವುದು ಬೆಳೆಗಾರರ ಮನೆಯ ಹೆಂಗಸರ ಕೆಲಸ. ಯಾವ ಕಾಯಿ ಬೀಜಕ್ಕೆ, ಯಾವುದು ಸಂತೆಗೆ ಎಂದು ನೋಡಿದ ಕೂಡಲೇ ಹೇಳುತ್ತಾರೆ. ತಳಿ ಸಂವರ್ಧನೆ ಎಂದು ವಿಜ್ಞಾನಿಗಳು ಹೇಳುವುದು ಇದಕ್ಕಲ್ಲದೆ ಬೇರೆ ಯಾವುದಕ್ಕೆ? 2011ರಲ್ಲಿ ಮಟ್ಟು ಗುಳ್ಳಕ್ಕೆ ಆ ಊರಿನದೇ ವಿಶಿಷ್ಟ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು.

ಆ ಮಾನ್ಯತೆ ಬರುವ ಮೊದಲೇ ಗುಳ್ಳ ಪ್ರಯೋಗಾಲಯ ಸೇರಿಯಾಗಿತ್ತು. ಅಮೆರಿಕದ ನೆರವಿನ ಯೋಜನೆಯೊಂದರಡಿ ಮಹಿಕೋ ಬೀಜ ಕಂಪನಿ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ, ಹುಳ ಕೊಲ್ಲುವ ಬಿಟಿ ಜೀನ್ (ಮಣ್ಣಿನ ಒಂದು ಬ್ಯಾಕ್ಟೀರಿಯಾದ್ದು) ಸೇರಿಸಲು ಆರಿಸಿಕೊಂಡ ರಾಜ್ಯದ ತಳಿಗಳಲ್ಲಿ ಕುಡಚಿ ಬದನೆ, ಮಂಜರಿ ಗೋಟಾಗಳ ಜೊತೆ ಉಡುಪಿ ಗುಳ್ಳವೂ ಇತ್ತು. ಜೀವವೈವಿಧ್ಯ ಕಾಯ್ದೆಯಡಿ ಪಡೆಯಬೇಕಾದ ಒಪ್ಪಿಗೆ ಪಡೆದಿಲ್ಲ ಎಂದು ಬೆಂಗಳೂರಿನ ಸಂಘಟನೆಯೊಂದು 2010ರಲ್ಲಿ ದೂರಿತು. ಮರುವರ್ಷ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವೇ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ಕಾಯಿ ಕೊರೆಯುವ ಹುಳದ ಕಾಟ ಎಂಥದ್ದೆಂದು ಬದನೆ ಬೆಳೆದವರಿಗೆ ಗೊತ್ತು, ಅದಕ್ಕೆ ಪರಿಹಾರ ಹುಡುಕುವುದು ತಪ್ಪಲ್ಲ. ನೂರಾರು ವರ್ಷ ಬೀಜ ಕಾಪಾಡಿದವರಿಗೆ ಒಂದು ಮಾತೂ ಹೇಳದೆ ಹುಡುಕಹೊರಟದ್ದು ತಪ್ಪು.

ನಾನು ಜೈವಿಕ ತಂತ್ರಜ್ಞಾನದ ವಿರೋಧಿಯಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಕುಲಾಂತರಿ, ಅಂದರೆ ಹೊರಗಿನ ಜೀನ್ ಸೇರಿಸಿದ, ಸೂಕ್ಷ್ಮಜೀವಿಗಳಿಂದ ತಯಾರಾದದ್ದು. ಅದಿಲ್ಲದಿದ್ದರೆ ನನ್ನ ತಾಯಿ ಇಂದು ನಮ್ಮ ಜೊತೆ ಇರುತ್ತಿರಲಿಲ್ಲ. ಆದರೆ ಆ ಸೂಕ್ಷ್ಮಜೀವಿಗಳು ಮುಚ್ಚಿದ ತೊಟ್ಟಿಯಲ್ಲಿ ಬೆಳೆಯುತ್ತವೆ. ಬದನೆ ಹೂವಿಗೆ ಜೇನ್ನೊಣ ಬರುತ್ತದೆ, ಪಕ್ಕದ ಗದ್ದೆಗೂ ಹೋಗುತ್ತದೆ. ಬಯಲಿಗೆ ಬಿಟ್ಟ ಬೀಜದ ಹೊಣೆ ಬೇರೆಯೇ ಆಗಿರಬೇಕು. ಹತ್ತಿಯಲ್ಲಿ ಆದದ್ದನ್ನೇ ನೋಡಿ: 2002ರಲ್ಲಿ ಬಿಟಿ ಹತ್ತಿ ಬಂದಾಗ, ಹುಳ ಬಿಟಿಗೆ ಒಗ್ಗಿಕೊಳ್ಳದಿರಲೆಂದು ಸುತ್ತಲೂ ಸಾದಾ ಹತ್ತಿಯ ಸಾಲು ಹಾಕಬೇಕೆಂಬ ನಿಯಮವಿತ್ತು. ಅದರ ಮಹತ್ವವನ್ನು ರೈತರಿಗೆ ಮನಮುಟ್ಟುವಂತೆ ಹೇಳಿದವರು ಕಡಿಮೆ, ಪಾಲಿಸಿದವರು ಇನ್ನೂ ಕಡಿಮೆ. ಈಗ ಗುಲಾಬಿ ಕಾಯಿಕೊರಕ ಹುಳ ಬಿಟಿಗೆ ಬಗ್ಗದೆ ಮರಳಿ ಬಂದಿದೆ.

ಬಿಟಿ ಬದನೆಯ ವಿಷಯದಲ್ಲಿ 2010ರಲ್ಲಿ ಕನಿಷ್ಠ ಒಂದು ಒಳ್ಳೆಯ ಕೆಲಸವಾಯಿತು. ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದರು. ಕೊನೆಯ ಸಭೆ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು, 9ರಂದು ಬಿಟಿ ಬದನೆಗೆ ತಡೆ ಬಿತ್ತು. ತೀರ್ಮಾನವನ್ನು ಒಪ್ಪದವರೂ ಇದ್ದರು. ಆದರೂ ರೈತ ಎದ್ದು ನಿಂತು ಮಾತಾಡಲು ಒಂದು ಜಾಗವಿತ್ತು.

ಈಗ ಆ ಜಾಗವೇ ಇಲ್ಲ. ಹೊರಗಿನ ಜೀನ್ ಉಳಿಯದಂತೆ ತಿದ್ದಿದ ಗಿಡಗಳಿಗೆ ಕುಲಾಂತರಿ ಬೆಳೆಗಳ ಕಟ್ಟುನಿಟ್ಟಿನ ನಿಯಮಗಳಿಂದ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು. 2025ರ ಮೇ 4ರಂದು ಇಂಥ ಎರಡು ಭತ್ತದ ತಳಿಗಳನ್ನು ದೆಹಲಿಯಲ್ಲಿ ಘೋಷಿಸಲಾಯಿತು. ಒಂದು, ನಮ್ಮ ಗಂಗಾವತಿ–ಸಿಂಧನೂರಿನ ರೈತರಿಗೆ ಚಿರಪರಿಚಿತವಾದ ಬಿಪಿಟಿ 5204 ಅನ್ನು ತಿದ್ದಿ ಮಾಡಿದ 'ಕಮಲಾ'. ಇನ್ನೊಂದು ಬರ ಮತ್ತು ಉಪ್ಪಿನಂಶ ತಾಳಿಕೊಳ್ಳುವ ಪೂಸಾ ತಳಿ. ಇವನ್ನು ರೂಪಿಸಿದ್ದು ಸರ್ಕಾರಿ ಸಂಸ್ಥೆಗಳು, ಉದ್ದೇಶ ಒಳ್ಳೆಯದೇ ಇರಬಹುದು.

ಆದರೆ ಉಪ್ಪು ತಾಳಿಕೊಳ್ಳುವ ಗುಣ ಎಂದಾಗ ನನಗೆ ನೆನಪಾಗುವುದು ಕುಮಟಾದ ಮಾಣಿಕಟ್ಟಾದ ಕಗ್ಗ ಭತ್ತ. ಅಘನಾಶಿನಿಯ ಹಿನ್ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ, ಉಪ್ಪುನೀರಿನಲ್ಲಿ ನಿಂತು ಬೆಳೆಯುವ ಭತ್ತ ಅದು. ನಾಳೆ ಯಾವುದೋ ಪ್ರಯೋಗಾಲಯ ಕಗ್ಗದ ಜೀನ್ ಕಂಪ್ಯೂಟರ್‌ನಲ್ಲಿ ಓದಿಕೊಂಡು, ಬೇರೊಂದು ಭತ್ತದಲ್ಲಿ ಅದೇ ಜಾಗವನ್ನು ಅದರಂತೆಯೇ ತಿದ್ದಿದರೆ? ಹೊರಗಿನ ಜೀನ್ ಇಲ್ಲ, ಆದ್ದರಿಂದ ವಿನಾಯಿತಿ ಸಿಗುತ್ತದೆ. ಕಗ್ಗದ ಒಂದು ಕಾಳೂ ಊರು ಬಿಟ್ಟು ಹೋಗಿರುವುದಿಲ್ಲ, ಆದ್ದರಿಂದ ಕಳವಿನ ಕುರುಹೂ ಸಿಗುವುದಿಲ್ಲ. ಗಜನಿಯಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ತೆನೆ ಕೊಯ್ದವರಿಗೆ ಒಂದು ಕೃತಜ್ಞತೆಯ ಮಾತೂ ತಲುಪುವುದಿಲ್ಲ. ಬಿಟಿ ಗುಳ್ಳದ ಕಾಲಕ್ಕಿಂತ ಇದು ದೊಡ್ಡ ಅನ್ಯಾಯ. ಆಗ ದೂರು ಕೊಡಲು ಬೀಜವಾದರೂ ಸಾಕ್ಷಿಯಾಗಿತ್ತು. ಇದರ ಮೇಲೆ 2023ರ ತಿದ್ದುಪಡಿ ಜೀವವೈವಿಧ್ಯ ಕಾಯ್ದೆಯಿಂದ ಜೈಲು ಶಿಕ್ಷೆಯನ್ನೇ ತೆಗೆದು ದಂಡವನ್ನಷ್ಟೇ ಉಳಿಸಿದೆ. ದೊಡ್ಡ ಕಂಪನಿಗೆ ದಂಡ ಒಂದು ಖರ್ಚಿನ ಬಾಬತ್ತು, ಅಷ್ಟೇ.

ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ತಳಿಗಳ ದಾಖಲೆ ಬರೆಯಬೇಕು. ಆ ಸಮಿತಿಯಲ್ಲಿ ಯಾರಿದ್ದಾರೆಂದು ನಿಮ್ಮ ಪಂಚಾಯಿತಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ ನೋಡಿ. ತಳಿ ಬಳಸುವ ಬಗ್ಗೆ ತೀರ್ಮಾನಿಸುವಾಗ ಪ್ರಾಧಿಕಾರ ಆ ಸಮಿತಿಯ ಜೊತೆ 'ಸಮಾಲೋಚಿಸಬೇಕು' ಎಂದಷ್ಟೇ ಕಾಯ್ದೆ ಹೇಳುತ್ತದೆ. ಅದು ಸಾಲದು. ಊರಿನ ತಳಿಯನ್ನಾಗಲಿ ಅದರ ಜೀನ್ ಮಾಹಿತಿಯನ್ನಾಗಲಿ ಬಳಸುವ ಮೊದಲು ಸಮಿತಿಯ ಲಿಖಿತ ಒಪ್ಪಿಗೆ ಕಡ್ಡಾಯವಾಗಬೇಕು, ಲಾಭದಲ್ಲಿ ಊರಿಗೆ ಪಾಲು ಬರಬೇಕು, ತಿದ್ದಿದ ಬೀಜದ ಚೀಲದ ಮೇಲೆ ಕನ್ನಡದಲ್ಲಿ ಹಾಗೆಂದು ಮುದ್ರಿಸಿರಬೇಕು. ಕಾಯ್ದೆ ಬದಲಿಸುವುದು ಕೇಂದ್ರದ ಕೆಲಸವಾದರೂ ರಾಜ್ಯದ ಕೈ ಕಟ್ಟಿಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ರೈತರ ಯಾವ ತಳಿಗಳ ಮೇಲೆ ಜೀನ್ ಸಂಶೋಧನೆ ನಡೆಸುತ್ತಿವೆ, ಯಾರ ಹಣದಲ್ಲಿ, ಯಾವ ಒಪ್ಪಂದದಡಿ ಎಂಬ ಪಟ್ಟಿಯನ್ನು ರಾಜ್ಯ ಸರ್ಕಾರ ಮೊದಲು ಬಹಿರಂಗಪಡಿಸಲಿ.

– ಓದುಗ, ಉಡುಪಿ ಜಿಲ್ಲೆ