ಲೋವರ್ ಆರ್ಮ್ ಬುಷ್ ಬದಲಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿಯುತ್ತಿದ್ದಂತೆ ಗುಂಪಿನಲ್ಲಿ ಒಂದೇ ಪ್ರಶ್ನೆ: ಹೊಂಡಕ್ಕೆ ಇಳಿದರೆ ಮುಂದಿನಿಂದ ಟಕ್ ಟಕ್, ಶಾಕ್ ಅಬ್ಸಾರ್ಬರ್ ಹೋಯ್ತಾ? ಸುಮ್ನೆ ದುಡ್ಡು ಸುರಿಯಬೇಡಿ. ಮಾರುತಿ 800, ಝೆನ್‌ನಂಥ ಹಳೇ ಗಾಡಿಗಳಲ್ಲಿ ಮೊದಲು ಲೋವರ್ ಆರ್ಮ್ ಬುಷ್ ನೋಡಿ. ಮುಂದಿನ ಚಕ್ರವನ್ನು ಗಾಡಿಯ ತಳಕ್ಕೆ ಜೋಡಿಸುವ ಕೆಳಗಿನ ತೋಳೇ ಲೋವರ್ ಆರ್ಮ್; ಅದು ಬೋಲ್ಟ್‌ನಲ್ಲಿ ಕೂರುವ ಕಡೆ ಇರುವ, ನಡುವೆ ಲೋಹದ ಕೊಳವೆ ಇರುವ ರಬ್ಬರ್ ತುಂಡೇ ಬುಷ್. ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಆರ್ಮನ್ನು ಕಬ್ಬಿಣದ ಸಲಾಕೆಯಿಂದ ಮೀಟಿ. ರಬ್ಬರ್ ಬಿರಿದು ಒಳಗಿನ ಕೊಳವೆಯಿಂದ ಬಿಟ್ಟಿದ್ದರೆ ಟಾರ್ಚ್ ಬೆಳಕಲ್ಲಿ ಕಾಣುತ್ತದೆ. ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆ ಎಳೆಯುವುದಕ್ಕೂ ಇದೇ ಕಾರಣ ಇರಬಹುದು.

ಕಾರವಾರ, ಕುಮಟಾದವರಿಗೆ ಇನ್ನೊಂದು ತಲೆನೋವು. ಉಪ್ಪು ಗಾಳಿಗೆ ಬೋಲ್ಟ್ ಕೊಳವೆಯೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಹೊಸ ಬೋಲ್ಟ್ ತಂದಿಟ್ಟುಕೊಳ್ಳಿ. ಬುಷ್ ಕೂರಿಸಲು ಪ್ರೆಸ್ (ಒತ್ತಿ ಕೂರಿಸುವ ಯಂತ್ರ) ಇರುವ ಗ್ಯಾರೇಜೇ ಆಗಬೇಕು. ಸುತ್ತಿಗೆಯಲ್ಲಿ ಬಡಿಯುತ್ತೇನೆ ಅನ್ನುವವರಿಗೆ ದೂರದಿಂದಲೇ ನಮಸ್ಕಾರ ಹೇಳಿ. ರಬ್ಬರ್‌ಗೆ ಗ್ರೀಸ್ ಬೇಡ, ಸೋಪಿನ ನೀರು ಸಾಕು.

ಮುಖ್ಯ ವಿಷಯ: ಗಾಡಿ ಜಾಕ್ ಮೇಲಿರುವಾಗ ಬೋಲ್ಟ್ ಪೂರ್ತಿ ಬಿಗಿ ಮಾಡಿಸಬೇಡಿ. ಆಗ ಆರ್ಮ್ ಕೆಳಗೆ ಜೋತಿರುತ್ತದೆ. ಹಾಗೇ ಬಿಗಿದು ಕೆಳಗಿಳಿಸಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಪೂರ್ತಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ. ಅವಸರದಲ್ಲಿ ಜಾಸ್ತಿ ಮೆಕ್ಯಾನಿಕ್‌ಗಳು ಇದನ್ನೇ ಬಿಡುತ್ತಾರೆ, ಎದುರಿಗೆ ನಿಂತು ಮಾಡಿಸಿ.

ಎರಡೂ ಕಡೆ ಒಟ್ಟಿಗೆ ಬದಲಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್. ರಬ್ಬರ್ ಬದಲು ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನ್ ಬುಷ್ ಬಾಳಿಕೆ ಬರುತ್ತದೆ ನಿಜ, ಆದರೆ ನಡುಕ ಒಳಗೆ ಜಾಸ್ತಿ ಬರುತ್ತದೆ. ಮನೆಮಂದಿ ಓಡಾಡುವ ಗಾಡಿಗೆ ಕಂಪನಿಯ ರಬ್ಬರ್ ಬುಷ್ಷೇ ಸಾಕು. ಅನುಮಾನ ಇದ್ದರೆ ಬುಷ್ ಫೋಟೋ ಹಾಕಿ. ಟಕ್ ಟಕ್ ಆಡಿಯೋ ಕಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.