ಎರೆ ಮಣ್ಣಿನ ರಾಡಿಗೆ ಅಗಲ ಟೈರ್ ಪರಿಹಾರವಲ್ಲ

ಮಾನ್ಯ ಸಂಪಾದಕರೇ,

ಮುಂಗಾರು ಬಿದ್ದ ಕೂಡಲೇ ಜೇವರ್ಗಿ, ಅಫಜಲಪುರ, ಚಿತ್ತಾಪುರ, ಶಹಾಪುರ ಕಡೆಯ ಟೈರ್ ಅಂಗಡಿಗಳಲ್ಲಿ ಕೇಳಿಬರುವ ಮಾತು ಒಂದೇ: ‘ಅಗಲ ಟೈರ್ ಹಾಕ್ರಿ, ಗಾಡಿ ಜಾರಬಾರ್ದು.’ ನಮ್ಮ ಎರೆ (ಕರಿ) ಮಣ್ಣಿಗೆ ಈ ಲೆಕ್ಕ ಹೊಂದುವುದಿಲ್ಲ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ. ಸಣ್ಣ ಮಳೆಗೆ ಮೇಲಿನ ಒಂದೆರಡು ಅಂಗುಲವಷ್ಟೇ ಬೆಣ್ಣೆಯಂತಾಗಿ, ಕೆಳಗಿನ ಗಟ್ಟಿ ನೆಲ ಹಾಗೇ ಇರುತ್ತದೆ. ಸಣ್ಣ ಟೈರ್ ಆ ಪದರ ಸೀಳಿ ಗಟ್ಟಿ ನೆಲ ಹಿಡಿಯುತ್ತದೆ, ಅಗಲದ್ದು ಮೇಲೆಯೇ ತೇಲಿ ಜಾರುತ್ತದೆ. 2.75-18 ಅಳತೆಯ ಬೈಕಿಗೆ 100/90-18 ಹಾಕಿಸಿದರೆ ಮಡ್‌ಗಾರ್ಡ್ ಮತ್ತು ಚೈನ್ ಕವರ್ ಕಡೆಯ ಸಂದು ಕಿರಿದಾಗುವ ಪೇಚು ಬೇರೆ. ವಾರಗಟ್ಟಲೆ ಮಳೆ ಹಿಡಿದು ತಳವೇ ಸಿಗದ ಹಾದಿಗೆ ಮಾತ್ರ ಯಾವ ಬೈಕ್ ಟೈರೂ ಸರಿಯಲ್ಲ. ಅಲ್ಲಿ ನಡೆದು ಹೋಗುವುದೇ ವಾಸಿ.

ಬಟನ್ ಟೈರ್ (ಮೈಮೇಲೆ ದಪ್ಪ ಗುಬುಟುಗಳಿರುವ ಟೈರ್) ಕೊಳ್ಳುವವರು ಬಟನ್‌ನ ಎತ್ತರ ನೋಡುತ್ತಾರೆ. ನೋಡಬೇಕಾದ್ದು ಬಟನ್‌ಗಳ ನಡುವಿನ ಸಂದು. ಬೆರಳು ಆರಾಮಾಗಿ ಕೂರುವಷ್ಟು ಸಂದಿದ್ದರೆ ಚಕ್ರ ತಿರುಗಿದಂತೆ ಮಣ್ಣು ಸಿಡಿದು ಹೋಗುತ್ತದೆ. ಒತ್ತೊತ್ತಾಗಿದ್ದರೆ ನಾಲ್ಕು ಸುತ್ತಿಗೆ ಮಣ್ಣು ತುಂಬಿ ಹೊಸ ಟೈರೂ ಬೋಳು ಟೈರೇ. ಆದರೆ ದಿನಕ್ಕೆ 30 ಕಿ.ಮೀ. ಡಾಂಬರು, ಎರಡು ಕಿ.ಮೀ. ಹೊಲದ ಹಾದಿ ಓಡಾಡುವವರಿಗೆ ಪೂರ್ತಿ ಬಟನ್ ಬೇಡ. ಹಸಿ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಸವೆತವೂ ಬೇಗ. ಎರಡಕ್ಕೂ ಆಗುವ ಡ್ಯುಯಲ್ ಪರ್ಪಸ್ ಟೈರ್ ಸಾಕು.

ಅತಿ ಕೆಟ್ಟ ಹೊತ್ತು ಮಳೆ ಸುರಿಯುವಾಗಲ್ಲ, ನಿಂತ ಮರುದಿನ. ಅರ್ಧ ಒಣಗಿದ ಎರೆ ಮಣ್ಣು ಟೈರಿಗೆ ಸುತ್ತಿಕೊಂಡು ಮುಂದಿನ ಮಡ್‌ಗಾರ್ಡ್ ಕೆಳಗೆ ಗಿಡಿದು ಚಕ್ರವನ್ನೇ ಕಟ್ಟಿಹಾಕುತ್ತದೆ. ಆಗ ರೇಸ್ ಕೊಟ್ಟರೆ ಸುಡುವುದು ಕ್ಲಚ್ ಪ್ಲೇಟ್. ಸೀಟಿನ ಕೆಳಗೆ ಒಂದಡಿ ಉದ್ದದ ಕಬ್ಬಿಣದ ಪಟ್ಟಿ ಇಟ್ಟುಕೊಳ್ಳಿ. ಎಂಜಿನ್ ಬಂದ್ ಮಾಡಿ, ಗಾಡಿಯನ್ನು ತುಸು ಹಿಂದಕ್ಕೆ ತಳ್ಳಿ, ಮಣ್ಣು ಕೆತ್ತಿ ತೆಗೆಯಿರಿ.

ಇನ್ನು ಗಾಳಿ. ರಾಡಿಗೆ ಇಳಿಯುವ ಮುನ್ನ ಬೈಕಿನಲ್ಲಿ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಸಿದರೆ ಸಾಕು. ಟ್ಯೂಬ್ ಇರುವ ಟೈರಿಗೆ ಅದಕ್ಕಿಂತ ಹೆಚ್ಚು ಇಳಿಸಿದರೆ ರಿಮ್ ಮೇಲೆ ಟೈರ್ ಜಾರಿ ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವ್ ಓರೆಯಾಗಿ ಕಂಡರೆ ಹಾಗಾಗಿದೆ ಎಂದೇ ಅರ್ಥ. ಹಾಗೇ ಬಿಟ್ಟರೆ ವಾಲ್ವ್ ಬುಡದಲ್ಲೇ ಟ್ಯೂಬ್ ಹರಿಯುತ್ತದೆ. 32 ಪಿಎಸ್‌ಐ ಹಾಕುವ ಟ್ಯೂಬ್‌ಲೆಸ್ ಕಾರಿನಲ್ಲಿ 22ರವರೆಗೆ ಇಳಿಸಿ, ಗಂಟೆಗೆ 30 ಕಿ.ಮೀ. ದಾಟದೆ ಸಾಗಬಹುದು. ಡಾಂಬರು ಹತ್ತಿದ ಮೇಲೆ ಗಾಳಿ ತುಂಬಿಸಲೇಬೇಕು. ಗಾಳಿ ಕಡಿಮೆಯಿದ್ದ ಟೈರ್ ವೇಗದಲ್ಲಿ ಕಾಯುತ್ತದೆ, ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಕಾರಿನ ಟೈರಿನ ಮೈಮೇಲಿನ ಗೀರುಗಳ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ., ಮಳೆಗಾಲಕ್ಕೆ 3 ಮಿ.ಮೀ.ಗೇ ಬದಲಿಸುವುದು ಲೇಸು.

ಬ್ರೇಕಿನ ವಿಷಯದಲ್ಲಿ ಹಲವರಿಗೆ ತಿಳಿಯದ ಸಂಗತಿಯೊಂದಿದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಬೈಕುಗಳಿಗೆ ಕಂಬೈನ್ಡ್ ಬ್ರೇಕ್ ಅಥವಾ ಎಬಿಎಸ್ (ಚಕ್ರ ಪೂರ್ತಿ ಹಿಡಿದುಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಕಡ್ಡಾಯವಾಯಿತು. ಕಂಬೈನ್ಡ್ ಬ್ರೇಕ್ ಇದ್ದ ಬೈಕಿನಲ್ಲಿ ಕಾಲಿನ ಬ್ರೇಕ್ ತುಳಿದರೆ ಮುಂದಿನ ಚಕ್ರಕ್ಕೂ ಒಂದಿಷ್ಟು ಬೀಳುತ್ತದೆ. ಡಾಂಬರಿನಲ್ಲಿ ಅದು ಒಳ್ಳೆಯದೇ; ರಾಡಿಯಲ್ಲಿ ಮುಂದಿನ ಚಕ್ರ ಹಿಡಿದರೆ ಹ್ಯಾಂಡಲ್ ತಿರುಚಿ ಬೀಳುವುದು ಖಚಿತ. ಎರಡನೇ ಗೇರಿನಲ್ಲಿ, ಒಂದೇ ಸಮನೆ ರೇಸ್ ಇಟ್ಟು, ಕ್ಲಚ್ ಅರ್ಧ ಹಿಡಿಯದೆ ಸಾಗಿ; ವೇಗ ತಗ್ಗಿಸಲು ರೇಸ್ ಬಿಟ್ಟರೆ ಎಂಜಿನ್ನೇ ತಡೆಯುತ್ತದೆ.

ಕಾರು ಹೂತಾಗ ಚಕ್ರ ಗಿರ್ರನೆ ತಿರುಗಿಸಬೇಡಿ. ಪ್ರತಿ ಸುತ್ತಿಗೂ ಗುಂಡಿ ಆಳವಾಗಿ, ಕೊನೆಗೆ ಕಾರಿನ ಹೊಟ್ಟೆ ನಡುವಿನ ದಿಬ್ಬದ ಮೇಲೆ ಕೂರುತ್ತದೆ. ಟೈರ್ ಮುಂದಿನ ಮಣ್ಣು ತೆಗೆದು, ಎಂಜಿನ್ನಿನ ಬಲ ಹೋಗುವ ಚಕ್ರದ ಕೆಳಗೆ ತೊಗರಿ ಕಟ್ಟಿಗೆ ಅಡ್ಡಡ್ಡ ಹಾಸಿ. ಸಣ್ಣ ಕಾರುಗಳಲ್ಲಿ ಬಹುತೇಕ ಮುಂದಿನ ಚಕ್ರವೇ ಅದು, ಹಿಂದೆ ಹಾಸಿ ಉಪಯೋಗವಿಲ್ಲ. ಸ್ಟೇರಿಂಗ್ ನೆಟ್ಟಗಿಟ್ಟು ಕಾರನ್ನು ನಿಧಾನ ಮುಂದಕ್ಕೆ ತನ್ನಿ. ಕಾರಿನ ಹಿಂದೆ ಯಾರೂ ನಿಲ್ಲಬಾರದು, ಕಟ್ಟಿಗೆ ಬಾಣದಂತೆ ಹಾರಿಬರುತ್ತದೆ.

ಟ್ರ್ಯಾಕ್ಟರ್ ಚಾಲಕರಿಗೆ ಎರಡು ಮಾತು. ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಪೆಡಲ್) ಅನ್ನು ಚಕ್ರ ನಿಂತಲ್ಲೇ ಗಿರ್ರನೆ ತಿರುಗತೊಡಗುವ ಮುನ್ನವೇ ತುಳಿಯಿರಿ, ತಿರುವಿನಲ್ಲಿ ಬಿಡಿ. ಹೊಲದಿಂದ ರಸ್ತೆಗೆ ಬರುವಾಗ ಎಡ-ಬಲ ಬ್ರೇಕ್ ಪೆಡಲ್‌ಗಳ ಕೊಂಡಿ ಹಾಕಿ. ಇಲ್ಲದಿದ್ದರೆ ಹಸಿ ರಸ್ತೆಯಲ್ಲಿ ಒಂದೇ ಚಕ್ರ ಹಿಡಿದು ಟ್ರೇಲರ್ ಅಡ್ಡ ಬೀಳುತ್ತದೆ.

ಇದೇ ಟ್ರ್ಯಾಕ್ಟರುಗಳು ಹೊತ್ತು ತರುವ ಎರೆ ಮಣ್ಣಿನಿಂದಲೇ, ಹೊಲದ ಹಾದಿ ಡಾಂಬರಿಗೆ ಸೇರುವ ಕಡೆಯೆಲ್ಲ ರಸ್ತೆ ಜಾರುಬಂಡಿಯಾಗುತ್ತದೆ. ರಾತ್ರಿ ಕರಿ ರಸ್ತೆಯ ಮೇಲೆ ಕರಿ ಮಣ್ಣು ಕಾಣುವುದೂ ಇಲ್ಲ. ಅಂಥ ಕೂಡುಗಳಲ್ಲಿ ಹೊಲದ ಕಡೆ 20 ಮೀಟರ್ ಉದ್ದಕ್ಕೆ ಕಡಿ (ಜಲ್ಲಿ ಕಲ್ಲು), ಮುರುಮ್ (ಗರಸು ಮಣ್ಣು) ಹಾಸಿ ರೋಲರ್ ಹೊಡೆದರೆ ಟೈರಿನ ಮಣ್ಣು ಬಹುಪಾಲು ಅಲ್ಲೇ ಉದುರುತ್ತದೆ. ಲೋಕೋಪಯೋಗಿ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳು ತೊಗರಿ ಬಿತ್ತನೆಗೆ ಮೊದಲೇ ಈ ಕೆಲಸ ಮಾಡಿಸಬೇಕು. ಮಳೆ ಹಿಡಿದ ಮೇಲೆ ಹಾಕಿದ ಮುರುಮ್ ಎರೆಯೊಳಗೆ ಇಳಿದುಹೋಗುತ್ತದೆ.

— ಟೈರ್ ಮತ್ತು ವಾಹನ ದುರಸ್ತಿ ಕೆಲಸಗಾರರು, ಜೇವರ್ಗಿ, ಕಲಬುರಗಿ ಜಿಲ್ಲೆ